ಕೈತೋಟದ ಸೊಪ್ಪು ತಟ್ಟೆಗೆ ಬರಬೇಕಾದರೆ: ಐದು ಜನರ ಮನೆಗೆ ಒಂದು ಗುಂಟೆಯ ಲೆಕ್ಕ

ಮನೆ ಹಿಂದೆ ತರಕಾರಿ ಬೆಳೆದರೆ ಮಕ್ಕಳ ರಕ್ತಹೀನತೆ ಕಡಿಮೆಯಾಗುತ್ತದೆಯೇ? ಎಷ್ಟು ಜಾಗ ಬೇಕು? ಏನೇನು ಹಾಕಬೇಕು? ಅಂಗನವಾಡಿಯ ಕೈತೋಟ, ಪೋಷಣ್ ಅಭಿಯಾನದ ಪೌಷ್ಟಿಕ ತೋಟ, ಸಂಘದಿಂದ ಬಂದ ಬೀಜದ ಪೊಟ್ಟಣ ಎಂದು ಒಂದಲ್ಲ ಒಂದು ಕಾರ್ಯಕ್ರಮ ಊರಿಗೆ ಬಂದಾಗಲೆಲ್ಲ ಓದುಗರು ಇದನ್ನೇ ಕೇಳುತ್ತಾರೆ.

ಮೊದಲ ಪ್ರಶ್ನೆಗೆ ನೇರ ಉತ್ತರ: ಬೆಳೆದ ಮಾತ್ರಕ್ಕೆ ಆಗುವುದಿಲ್ಲ. ಹಲವು ದೇಶಗಳಲ್ಲಿ ನಡೆದ ಕೈತೋಟ ಕಾರ್ಯಕ್ರಮಗಳನ್ನು ಅಧ್ಯಯನ ಮಾಡಿದವರಿಗೆ ಮತ್ತೆ ಮತ್ತೆ ಕಂಡದ್ದು ಇಷ್ಟು. ಮನೆಯಲ್ಲಿ ಸೊಪ್ಪು, ತರಕಾರಿ, ಹಣ್ಣು ತಿನ್ನುವುದು ಹೆಚ್ಚುತ್ತದೆ, ಎ ಜೀವಸತ್ವ ಹೆಚ್ಚು ಸಿಗುತ್ತದೆ. ಆದರೆ ಮಗುವಿನ ಎತ್ತರ, ತೂಕ ಅಷ್ಟರಿಂದಲೇ ಏರುವುದು ಅಪರೂಪ. ಬೀಜದ ಜತೆಗೆ ಏನನ್ನು ಹೇಗೆ ತಿನ್ನಿಸಬೇಕೆಂಬ ತಿಳಿವಳಿಕೆ, ಶುದ್ಧ ನೀರು, ಶೌಚಾಲಯ ಇದ್ದಲ್ಲಿ, ತೋಟದ ತೀರ್ಮಾನ ಮನೆಯ ಹೆಂಗಸರ ಕೈಯಲ್ಲಿದ್ದಲ್ಲಿ ಫಲ ಚೆನ್ನಾಗಿ ಬಂದಿದೆ. ಬರೀ ಬೀಜ ಹಂಚಿ ಫೋಟೊ ತೆಗೆಸಿಕೊಂಡ ಕಡೆ ಬಂದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ಇಲ್ಲಿನ ಲೆಕ್ಕವೆಲ್ಲ ತಟ್ಟೆಯಿಂದ ಶುರುವಾಗಿ ಮಣ್ಣಿಗೆ ಹೋಗುತ್ತದೆ.

1. ಮೊದಲು ಒಂದು ವಾರ ತಟ್ಟೆ ನೋಡಿ

ಗುದ್ದಲಿ ಹಿಡಿಯುವ ಮುಂಚೆ ಒಂದು ನೋಟ್‌ಬುಕ್ ಹಿಡಿಯಿರಿ. ಆಹಾರವನ್ನು ಹತ್ತು ಗುಂಪು ಮಾಡುವ ಪಟ್ಟಿಯೊಂದನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬಳಸುತ್ತದೆ: ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಶೇಂಗಾ, ಎಳ್ಳಿನಂಥ ಎಣ್ಣೆಕಾಳು, ಹಾಲು-ಮೊಸರು, ಮಾಂಸ-ಮೀನು, ಮೊಟ್ಟೆ, ಕಡುಹಸಿರು ಸೊಪ್ಪು, ಎ ಜೀವಸತ್ವ ಹೆಚ್ಚಿರುವ ಹಳದಿ-ಕೇಸರಿ ಹಣ್ಣು ತರಕಾರಿ, ಇತರ ತರಕಾರಿ, ಇತರ ಹಣ್ಣು. ಮನೆಯ ಹೆಂಗಸರು ಹಿಂದಿನ ದಿನ ತಿಂದದ್ದು ಇದರಲ್ಲಿ ಎಷ್ಟು ಗುಂಪಿಗೆ ಸೇರುತ್ತದೆ ಎಂದು ಗುರುತು ಹಾಕಿ. ಒಗ್ಗರಣೆಯ ಕರಿಬೇವು, ಮೇಲೆ ಉದುರಿಸಿದ ಕೊತ್ತಂಬರಿ ಲೆಕ್ಕಕ್ಕಿಲ್ಲ. ಕನಿಷ್ಠ 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚದಷ್ಟಾದರೂ ಹೊಟ್ಟೆಗೆ ಹೋಗಿರಬೇಕು. ಐದಕ್ಕಿಂತ ಕಡಿಮೆ ಗುಂಪು ಬಂದರೆ ಊಟದಲ್ಲಿ ಕೊರತೆಯ ಸಂಭವ ಹೆಚ್ಚು. ಒಬ್ಬರ ಆರೋಗ್ಯ ಅಳೆಯುವ ಮಾಪಕ ಇದಲ್ಲ, ಆದರೂ ತೋಟದಲ್ಲಿ ಏನು ಹಾಕಬೇಕೆಂದು ತೀರ್ಮಾನಿಸಲು ಇಷ್ಟು ಸಾಕು.

ಮುದ್ದೆ-ಸಾರು, ಅನ್ನ-ಸಾರು, ರೊಟ್ಟಿ-ಬೇಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಖಾಲಿ ಉಳಿಯುವುದು ಸೊಪ್ಪು, ಕೇಸರಿ ತರಕಾರಿ ಮತ್ತು ಹಣ್ಣಿನ ಸಾಲು. ಈ ಮೂರನ್ನೂ ತೋಟ ತುಂಬಬಲ್ಲದು. ಹಾಲು, ಮೊಟ್ಟೆ, ಮೀನಿನ ಸಾಲನ್ನು ಅದು ತುಂಬುವುದಿಲ್ಲ. ಬಿ12 ಜೀವಸತ್ವ ಯಾವ ಸೊಪ್ಪಿನಲ್ಲೂ ಇಲ್ಲ, ಎಷ್ಟು ತಿಂದರೂ ಸಿಗದು.

2. ಅಳತೆ ಗೊತ್ತು ಮಾಡಿಕೊಳ್ಳಿ

ದಿನಕ್ಕೆ ಒಬ್ಬ ವಯಸ್ಕರಿಗೆ 400 ಗ್ರಾಂ ತರಕಾರಿ, ಅದರಲ್ಲಿ 100 ಗ್ರಾಂ ಸೊಪ್ಪು, ಜತೆಗೆ 100 ಗ್ರಾಂ ಹಣ್ಣು: ಇದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ. ಐದು ಜನರಿಗೆ ದಿನಕ್ಕೆ 2 ಕಿಲೋ ತರಕಾರಿ ಎಂದರೆ ವರ್ಷಕ್ಕೆ 730 ಕಿಲೋ. ಒಂದು ಗುಂಟೆಯಲ್ಲಿ (33 ಅಡಿ × 33 ಅಡಿ) ಹೊಸಬರು ಇದರ ಮೂರನೇ ಒಂದು ಪಾಲು ತೆಗೆದರೆ ಚೆನ್ನಾಗಿಯೇ ಮಾಡಿದ್ದಾರೆ ಎನ್ನಬೇಕು. "ಇನ್ನು ಸಂತೆಗೇ ಹೋಗಬೇಕಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸೊಪ್ಪಿನ ಮಾತು ಬೇರೆ. ವಾರಕ್ಕೆ ಬೇಕಾದದ್ದು 3.5 ಕಿಲೋ. ಒಂದು ಚದರ ಮೀಟರಿನಲ್ಲಿ ನಾಲ್ಕು ವಾರಕ್ಕೆ ಸುಮಾರು 1 ಕಿಲೋ ಸೊಪ್ಪು ತೆಗೆಯುವುದು ಕಷ್ಟವಲ್ಲ. 3 ಅಡಿ ಅಗಲ, 10 ಅಡಿ ಉದ್ದದ ಮಡಿ 2.8 ಚದರ ಮೀಟರ್ ಆಗುತ್ತದೆ. ಇಂಥ ನಾಲ್ಕು ಮಡಿ ಮಾಡಿ ವಾರಕ್ಕೊಂದರಂತೆ ಬಿತ್ತಿದರೆ ವಾರಕ್ಕೆ 2.8 ಕಿಲೋ ಬರುತ್ತದೆ. ಉಳಿದದ್ದನ್ನು ನುಗ್ಗೆ, ಬಸಳೆ ಕೊಡುತ್ತವೆ. ಹಾಗಾಗಿ ಜಾಗ ಕಡಿಮೆ ಇದ್ದವರು ಮೊದಲು ಸೊಪ್ಪು ಹಾಕಿ. ಆಲೂಗಡ್ಡೆ, ಈರುಳ್ಳಿ, ಎಲೆಕೋಸಿಗೆ ಈ ತೋಟದಲ್ಲಿ ಜಾಗ ಕೊಡುವುದು ದಂಡ.

3. ಜಾಗ, ಮಣ್ಣು, ನೀರು

ಹಣ್ಣು-ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ 6 ಗಂಟೆ ಬಿಸಿಲು ಬೇಕು, ಸೊಪ್ಪಿಗೆ 4 ಗಂಟೆಯಾದರೂ ನಡೆಯುತ್ತದೆ. ಅಡುಗೆಮನೆಯ ಬಾಗಿಲಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಹೊಲದ ಮೂಲೆಯಲ್ಲಿರುವ ಸೊಪ್ಪನ್ನು ಸಂಜೆ ಅಡುಗೆಗೆ ಯಾರೂ ಕಿತ್ತು ತರುವುದಿಲ್ಲ. ಹತ್ತಿ, ದ್ರಾಕ್ಷಿ, ಟೊಮೆಟೊ ಹೊಲಕ್ಕೆ ಅಂಟಿದ ಜಾಗವಾದರೆ ಔಷಧಿಯ ತುಂತುರು ಗಾಳಿಯಲ್ಲಿ ತೇಲಿ ಬಂದು ಎಲೆಯ ಮೇಲೆ ಕೂರುತ್ತದೆ. ಅಂಥ ಕಡೆ ಬೇಡ.

ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಎತ್ತರದ ಏರುಮಡಿ ಮಾಡಿ. ಬಯಲುಸೀಮೆಯಲ್ಲಿ ಬೇಸಿಗೆಗೆ ಮಡಿ ನೆಲಮಟ್ಟಕ್ಕಿಂತ ಎರಡು ಬೆರಳು ತಗ್ಗಿರಲಿ, ಆಗ ಹಾಕಿದ ನೀರು ಅಲ್ಲೇ ನಿಲ್ಲುತ್ತದೆ. ಮಡಿಗಳ ನಡುವೆ ಒಂದೂವರೆ ಅಡಿ ದಾರಿ ಬಿಡಿ. ಅಗಲ 3 ಅಡಿ ಮೀರಿದರೆ ನಡುವಿನ ಕಳೆ ಕೀಳಲು ಮಡಿಯ ಮೇಲೆ ಕಾಲಿಡಬೇಕಾಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ.

ಮಡಿಯೊಂದಕ್ಕೆ 8 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 250 ಗ್ರಾಂ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಹಾಕುವುದು ಎಲ್ಲರೂ ಮಾಡುವ ತಪ್ಪು. ಅದರಿಂದ ಗೊಣ್ಣೆಹುಳು ಬರುತ್ತದೆ, ಕಳೆ ಬೀಜ ಬರುತ್ತದೆ, ಕಾವಿಗೆ ಬೇರು ಸುಡುತ್ತದೆ. ಕಳಿತ ಗೊಬ್ಬರ ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗುತ್ತದೆ, ಮಣ್ಣಿನ ವಾಸನೆ ಬರುತ್ತದೆ.

ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ನೀರು ಬೇಕು. ಹತ್ತು ಮಡಿಗೆ 140 ಲೀಟರ್, ಅಂದರೆ ಒಂಬತ್ತು ಹತ್ತು ಕೊಡ. ಇಷ್ಟು ನೀರು ಯಾರು ಹೊರುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ. ಬೇಸಿಗೆಯಲ್ಲಿ ತೋಟ ಒಣಗುವುದಕ್ಕೆ ಎಷ್ಟೋ ಕಡೆ ನೀರಿಲ್ಲದ್ದು ಕಾರಣವಲ್ಲ. ಆ ಹತ್ತೂ ಕೊಡ ಒಬ್ಬಳ ಸೊಂಟದ ಮೇಲೇ ಬೀಳುವುದು ಕಾರಣ. ನೀರಿನ ಅನುಕೂಲ ಇಲ್ಲದಿದ್ದರೆ ಮಾರ್ಚ್‌ನಿಂದ ಮೇ ತನಕ ಎರಡೇ ಮಡಿ ಇಟ್ಟುಕೊಳ್ಳಿ. ಬಚ್ಚಲ ನೀರು ಬಾಳೆ, ಪಪ್ಪಾಯಿ, ನುಗ್ಗೆಯ ಪಾತಿಗೆ ಸರಿ. ಎಲೆ ತಿನ್ನುವ ಗಿಡಕ್ಕೆ ಬೇಡ. ಬಟ್ಟೆ ಒಗೆದ ಸೋಪಿನ ನೀರು ಯಾವುದಕ್ಕೂ ಬೇಡ.

4. ಹತ್ತು ಮಡಿ: ಎಲ್ಲಿ ಏನು

ಸೊಪ್ಪಿಗೆ ನಾಲ್ಕು ಮಡಿ. ಜೂನ್‌ನಿಂದ ಸೆಪ್ಟೆಂಬರ್‌ ತನಕ ಹರಿವೆ (ಹಳೇ ಮೈಸೂರಿನ ಕಡೆ ದಂಟು, ಉತ್ತರದಲ್ಲಿ ರಾಜಗಿರಿ) ಮತ್ತು ಪುಂಡಿ, ಅಕ್ಟೋಬರ್‌ನಿಂದ ಫೆಬ್ರುವರಿ ತನಕ ಮೆಂತ್ಯ, ಪಾಲಕ್, ಸಬ್ಬಸಿಗೆ, ಬೇಸಿಗೆಯಲ್ಲಿ ಮತ್ತೆ ಹರಿವೆ. ಹರಿವೆಯ ಬೀಜ ಸಾಸಿವೆಗಿಂತ ಸಣ್ಣದು. ಮಡಿಗೆ 4 ಗ್ರಾಂ ಬೀಜವನ್ನು ಎರಡು ಹಿಡಿ ಒಣ ಮರಳಿನಲ್ಲಿ ಬೆರೆಸಿ ಎರಚಿ, ಮೇಲೆ ತೆಳುವಾಗಿ ಗೊಬ್ಬರದ ಪುಡಿ ಉದುರಿಸಿ. ಅರ್ಧ ಇಂಚಿಗಿಂತ ಆಳಕ್ಕೆ ಹೋದರೆ ಮೊಳೆಯುವುದಿಲ್ಲ. ಇರುವೆ ಹೊತ್ತುಕೊಂಡು ಹೋಗದಂತೆ ಮಡಿಯ ಸುತ್ತ ಬೂದಿ ಎಳೆಯಿರಿ. 25–30 ದಿನಕ್ಕೆ ಕೊಯ್ಲು. ಮೆಂತ್ಯಕ್ಕೆ ಅಡುಗೆಮನೆಯ ಡಬ್ಬಿಯ ಕಾಳೇ ಆಗುತ್ತದೆ: ಮಡಿಗೆ 25 ಗ್ರಾಂ, ರಾತ್ರಿ ನೆನೆಸಿ ಬಿತ್ತಿ. ಪಾಲಕ್ ಬೇರುಸಹಿತ ಕೀಳಬೇಡಿ. ನೆಲದಿಂದ ಎರಡು ಇಂಚು ಬಿಟ್ಟು ಕೊಯ್ದರೆ ಹದಿನೈದು ಇಪ್ಪತ್ತು ದಿನಕ್ಕೆ ಮತ್ತೆ ಬರುತ್ತದೆ.

ಬೀಜ ಸಿಕ್ಕ ದಿನವೇ ನಾಲ್ಕೂ ಮಡಿ ಬಿತ್ತಿಬಿಡುವುದು ಎರಡನೆಯ ದೊಡ್ಡ ತಪ್ಪು. ಒಂದು ವಾರ ರಾಶಿ ಸೊಪ್ಪು, ಪಕ್ಕದ ಮನೆಗೆಲ್ಲ ಹಂಚಿಕೆ, ಮುಂದಿನ ಮೂರು ವಾರ ಖಾಲಿ. ವಾರದ ಒಂದು ದಿನವನ್ನು ಬಿತ್ತನೆಗೆಂದೇ ಇಟ್ಟುಕೊಳ್ಳಿ.

ಉಳಿದ ಆರು ಮಡಿ ಹೀಗೆ: ಬೆಂಡೆ 20 ಗಿಡ, ಎರಡು ಸಾಲಿನಲ್ಲಿ ಅಡಿಗೊಂದು, ಟೊಮೆಟೊ 12 ಗಿಡ, ಬದನೆ ನಾಲ್ಕು ಮತ್ತು ಮೆಣಸಿನಕಾಯಿ ಆರು, ಅಲಸಂದೆ ಅಥವಾ ಹುರುಳಿಕಾಯಿ, ಮೂಲಂಗಿ-ಕ್ಯಾರೆಟ್, ಆರನೆಯದು ಗೆಣಸು. ಗೆಣಸಿನಲ್ಲಿ ಕೇಸರಿ ತಿರುಳಿನ ತಳಿಯನ್ನೇ ಹುಡುಕಿ (ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಭೂ ಸೋನಾ’ ಅಂಥದ್ದು). ಬಿಳಿ ಗೆಣಸಿನಲ್ಲಿ ಬೀಟಾ ಕ್ಯಾರೊಟಿನ್, ಅಂದರೆ ದೇಹವು ಎ ಜೀವಸತ್ವವಾಗಿ ಮಾಡಿಕೊಳ್ಳುವ ಕೇಸರಿ ಬಣ್ಣದ ವಸ್ತು, ಇಲ್ಲವೆನ್ನುವಷ್ಟು ಕಡಿಮೆ. ಗೆಣಸಿನ ಕುಡಿಯನ್ನೂ ಪಲ್ಯ ಮಾಡಬಹುದು.

ತಳಿಯಲ್ಲಿ ಹೆಸರುಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೆಂಡೆ ‘ಅರ್ಕಾ ಅನಾಮಿಕ’, ಹರಿವೆ ‘ಅರ್ಕಾ ಸುಗುಣ’, ಪಾಲಕ್ ‘ಅರ್ಕಾ ಅನುಪಮ’ ಮನೆತೋಟಕ್ಕೆ ಹೊಂದುತ್ತವೆ. ಕರಾವಳಿ, ಮಲೆನಾಡಿನಲ್ಲಿ ಬದನೆಗೆ ‘ಅರ್ಕಾ ನಿಧಿ’ ಒಳ್ಳೆಯದು, ಏಕೆಂದರೆ ಅಲ್ಲಿ ದುಂಡಾಣು ಸೊರಗು ರೋಗದ ಕಾಟ ಜಾಸ್ತಿ. ಎಲೆ ಹಸಿರಾಗಿರುವಾಗಲೇ ಗಿಡ ದಿಢೀರನೆ ಜೋತು ಬಿದ್ದರೆ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗುಬಿಡಿ. ಕೆಲವೇ ನಿಮಿಷದಲ್ಲಿ ಕೊಯ್ದ ತುದಿಯಿಂದ ಹಾಲಿನಂಥ ಎಳೆ ಇಳಿದರೆ ಅದೇ ರೋಗ. ಔಷಧಿಯಿಲ್ಲ, ಗಿಡ ಕಿತ್ತು ಸುಟ್ಟು, ಆ ಮಡಿಗೆ ಟೊಮೆಟೊ, ಬದನೆ, ಮೆಣಸಿನಕಾಯಿ ಮೂರನ್ನೂ ಬಿಟ್ಟು ಅಲಸಂದೆ, ಸೊಪ್ಪು ಹಾಕಿ.

ಬೇಲಿ ಮತ್ತು ಚಪ್ಪರಕ್ಕೆ ಸಿಹಿಗುಂಬಳ, ಹೀರೆ, ಹಾಗಲ, ಸೋರೆ ತಲಾ ಎರಡು ಗುಣಿ, ಜತೆಗೆ ಅವರೆ. ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುತ್ತದೆ. ಜುಲೈನಲ್ಲಿ ಹಾಕಿದರೆ ಚಳಿಗಾಲಕ್ಕೆ ಕಾಯಿ, ಜನವರಿಯಲ್ಲಿ ಹಾಕಿದರೆ ಬರೀ ಬಳ್ಳಿ. ಬೇರೆ ಕಾಲಕ್ಕೆ ಬೇಕಿದ್ದರೆ ‘ಹೆಬ್ಬಾಳ ಅವರೆ-3’ ಅಥವಾ ‘ಹೆಬ್ಬಾಳ ಅವರೆ-4’ ತನ್ನಿ. ಇನ್ನು "ಕುಂಬಳ ಹೂ ಬಿಡುತ್ತದೆ, ಕಾಯಿ ಕಚ್ಚುತ್ತಿಲ್ಲ" ಎಂಬ ದೂರು. ಮೊದಲು ಬರುವುದೆಲ್ಲ ಗಂಡು ಹೂವೇ, ಗಾಬರಿ ಬೇಡ. ತೊಟ್ಟಿನ ಹತ್ತಿರ ಪುಟ್ಟ ಕಾಯಿಯಿದ್ದರೆ ಅದು ಹೆಣ್ಣು. ಮಳೆಗಾಲದಲ್ಲಿ ಜೇನು ಓಡಾಡದಿದ್ದರೆ ಬೆಳಿಗ್ಗೆ 9ರೊಳಗೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಸವರಿ.

ಮರಗಳಲ್ಲಿ ನುಗ್ಗೆ ಎರಡು, ಪಪ್ಪಾಯಿ ಮೂರು, ನಿಂಬೆ, ಸೀಬೆ, ಕರಿಬೇವು ಒಂದೊಂದು. ಇವು ಮಡಿಗೆ ನೆರಳು ಮಾಡದಂತೆ ಉತ್ತರದ ಅಂಚಿನಲ್ಲಿರಲಿ. ನುಗ್ಗೆಗೆ ಅರಭಾವಿಯ ‘ಭಾಗ್ಯ’ ಅಥವಾ ಪೆರಿಯಾಕುಳಂನ ‘ಪಿಕೆಎಂ-1’ ಸಾಕು. ಗಿಡ 3 ಅಡಿಯಾದ ಕೂಡಲೇ ಕುಡಿ ಚಿವುಟಬೇಕು. ಬಿಟ್ಟರೆ ಕಂಬದ ಹಾಗೆ ಏರಿ ಸೊಪ್ಪು ಕೈಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಕಾಂಡಕ್ಕೆ ಗುಂಪಾಗಿ ಅಂಟುವ ಕಂಬಳಿಹುಳುವಿಗೆ ಸೋಪಿನ ನೀರು ಎರಚಿ.

ಬೇಲಿ ಸಾಲಿಗೆ ಚಕ್ರಮುನಿ ಹಾಕುವವರು ಬಹಳ. ಬೇಯಿಸಿ, ಮಿತವಾಗಿ ತಿನ್ನಿ. ತೈವಾನಿನಲ್ಲಿ 1990ರ ದಶಕದಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸ ದಿನವೂ ಕುಡಿದ ಹಲವರಿಗೆ ಶ್ವಾಸಕೋಶ ಶಾಶ್ವತವಾಗಿ ಹಾಳಾಯಿತು.

5. ಹುಳು, ರೋಗ

ಹೊಲಕ್ಕೆ ತಂದ ಔಷಧಿ ಉಳಿದಿದೆ ಎಂದು ಇಲ್ಲಿ ಹೊಡೆಯಬೇಡಿ. 28 ದಿನದ ಸೊಪ್ಪಿನಲ್ಲಿ ಆ ವಿಷ ಇಳಿಯಲು ಸಮಯವೇ ಇಲ್ಲ. ಅವರೆ, ಅಲಸಂದೆಯ ಹೇನಿಗೆ ಲೀಟರಿಗೆ 5 ಎಂ.ಎಲ್. ಬೇವಿನ ಎಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯಲು ಚೂರು ಸೋಪು ಸೇರಿಸಿ ಸಂಜೆ ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಹಾಗಲ, ಹೀರೆಯಲ್ಲಿ ಕಾಯಿ ಸೊಟ್ಟಗಾಗಿ ಒಳಗೆ ಕೊಳೆತರೆ ಅದು ಹಣ್ಣಿನ ನೊಣ. ಹೂ ಉದುರಿದ ಮೂರನೇ ದಿನಕ್ಕೆ ಕಾಯಿಗೆ ಕಾಗದದ ಚೀಲ ಕಟ್ಟಿ, ಕೊಳೆತ ಕಾಯನ್ನು ಗಿಡದ ಬುಡದಲ್ಲಿ ಬಿಡದೆ ಆಳಕ್ಕೆ ಹೂಳಿ. ಹರಿವೆಯ ಎಲೆಯಡಿ ಬಿಳಿ ಗುಳ್ಳೆ ಬಂದರೆ ಎಲೆ ಮೇಲೆ ನೀರು ಸುರಿಯುವುದು ನಿಲ್ಲಿಸಿ, ಬುಡಕ್ಕೆ ಹಾಕಿ. ಬೆಂಡೆ ಎಲೆಯಲ್ಲಿ ಹಳದಿ ನರ ಕಂಡ ಗಿಡವನ್ನು ಅಂದೇ ಕೀಳಿ.

ಕೋಳಿ ಸಾಕುವವರು ತೋಟಕ್ಕೆ ಬಲೆ ಹಾಕಲೇಬೇಕು. ಅಂಬೆಗಾಲಿಡುವ ಮಗು ಆಡುವ ಜಾಗದಲ್ಲಿ ಕೋಳಿ ಹಿಕ್ಕೆ ಇರಬಾರದು. ಮೇಲಿಂದ ಮೇಲೆ ಭೇದಿಯಾದರೆ ಮಗು ತಿಂದದ್ದು ಮೈಗೆ ಹತ್ತುವುದಿಲ್ಲ.

6. ಅಡುಗೆಮನೆಯಲ್ಲಿ ಏನು ಸೋರಿ ಹೋಗುತ್ತದೆ

ಹೆಚ್ಚು ಪೋಷಕಾಂಶ ನಷ್ಟವಾಗುವುದು ಇಲ್ಲಿ. ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ನೀರಿನಲ್ಲಿ ನೆನೆಹಾಕಿದರೆ ಸಿ ಜೀವಸತ್ವ, ಫೋಲೇಟ್ (ರಕ್ತಕಣ ಬೆಳೆಯಲು ಬೇಕಾದ ಬಿ ಗುಂಪಿನ ಜೀವಸತ್ವ) ನೀರಿಗೆ ಹೋಗುತ್ತವೆ. ಬೇಯಿಸಿದ ನೀರು ಚೆಲ್ಲಬೇಡಿ. ಬಸ್ಸಾರು ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಬಸಿದ ಕಟ್ಟೇ ಸಾರಾಗುತ್ತದೆ, ಸೊಪ್ಪು-ಕಾಳು ಪಲ್ಯವಾಗುತ್ತದೆ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಬೇಡಿ.

ಸೊಪ್ಪಿನ ಕಬ್ಬಿಣ ಪೂರ್ತಿ ಮೈಗೆ ಸೇರುವುದಿಲ್ಲ, ಅಲ್ಪ ಪಾಲು ಮಾತ್ರ ಸೇರುತ್ತದೆ. ಆ ಪಾಲನ್ನು ಸಿ ಜೀವಸತ್ವ ಹೆಚ್ಚಿಸುತ್ತದೆ, ಚಹಾ-ಕಾಫಿ ತಗ್ಗಿಸುತ್ತವೆ. ಆದ್ದರಿಂದ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ (ಕುದಿಯುವಾಗ ಹಾಕಿದರೆ ವ್ಯರ್ಥ), ಅಥವಾ ಊಟದ ಜತೆ ಸೀಬೆಹಣ್ಣು ಕೊಡಿ. ಚಹಾ ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಆಮೇಲೆ. ಪಾಲಕ್‌ಗೆ ಹೆಸರು ದೊಡ್ಡದು, ಆದರೆ 100 ಗ್ರಾಂನಲ್ಲಿ ಕಬ್ಬಿಣ ಸುಮಾರು 3 ಮಿ.ಗ್ರಾಂ ಮಾತ್ರ, ಅದನ್ನೂ ಆಕ್ಸಲೇಟ್ ಎಂಬ ಆಮ್ಲದ ಉಪ್ಪು ಹಿಡಿದಿಡುತ್ತದೆ. ನುಗ್ಗೆ, ಮೆಂತ್ಯ ಅದಕ್ಕಿಂತ ಮೇಲು. ಕೇಸರಿ ತರಕಾರಿಗೂ ಸೊಪ್ಪಿಗೂ ಒಂದು ಚಮಚ ಎಣ್ಣೆಯ ಒಗ್ಗರಣೆ ಇರಲಿ, ಜಿಡ್ಡಿಲ್ಲದೆ ಬೀಟಾ ಕ್ಯಾರೊಟಿನ್ ಒಳಗೆ ಹೋಗದು.

ಆರು ತಿಂಗಳು ತುಂಬಿದ ಮಗುವಿಗೆ ಎಳೆ ಹರಿವೆ ಅಥವಾ ಸಿಹಿಗುಂಬಳ ಮೆತ್ತಗೆ ಬೇಯಿಸಿ ಅರೆದು, ಎರಡು ಚಮಚದಷ್ಟನ್ನು ರಾಗಿ ಅಂಬಲಿಗೋ ಬೇಳೆ-ಅನ್ನಕ್ಕೋ ಕಲಸಿ ಅರ್ಧ ಚಮಚ ತುಪ್ಪ ಹಾಕಿ. ತಿಳಿಸಾರು ಕುಡಿಸಿ ಸೊಪ್ಪು ತಿನ್ನಿಸಿದೆವು ಅಂದುಕೊಳ್ಳಬೇಡಿ.

ಮೂರು ಎಚ್ಚರಿಕೆ. ಸೋರೆಕಾಯಿಯನ್ನು ಹೆಚ್ಚುವಾಗ ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಬೇಯಿಸಿದರೂ ವಿಷ ಹೋಗುವುದಿಲ್ಲ, ಎಸೆಯಿರಿ. ರಕ್ತಹೀನತೆಗೆ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಸೊಪ್ಪು ತಿನ್ನುತ್ತೇವೆಂದು ಬಿಡಬೇಡಿ. ಮೂತ್ರಪಿಂಡದ ಕಲ್ಲು ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ದಿನವೂ ಸೊಪ್ಪು ತಿನ್ನುವ ಮುಂಚೆ ವೈದ್ಯರನ್ನು ಕೇಳಿ.

7. ಮಾರುವುದೋ, ತಿನ್ನುವುದೋ

ಮಾರಬೇಡಿ ಎಂದು ಹೇಳುವುದಿಲ್ಲ. ಆದರೆ ಮೊದಲ ಕಟ್ಟು ಮನೆಗೆ, ಮಿಕ್ಕದ್ದು ಸಂತೆಗೆ. ಎಳೆಯದನ್ನೆಲ್ಲ ಮಾರಿ ಬಲಿತದ್ದನ್ನು ಮನೆಗೆ ಉಳಿಸಿಕೊಳ್ಳುವ ಚಾಳಿ ಬೇಗ ಹತ್ತುತ್ತದೆ. ಮಾರಿದ ದುಡ್ಡು ಅಡುಗೆ ಮಾಡುವವರ ಕೈಯಲ್ಲೇ ಉಳಿದು ಮೊಟ್ಟೆ, ಹಾಲು, ಶೇಂಗಾ ಆಗಿ ಬಂದರೆ ತೋಟ ತುಂಬಲಾಗದ ಸಾಲುಗಳೂ ತುಂಬುತ್ತವೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಾಯಿ ಉಣ್ಣುವ ಮನೆಯಲ್ಲಿ ಪಲ್ಯವನ್ನು ಮೊದಲೇ ಪಾಲು ಮಾಡಿ ಎತ್ತಿಡಿ. ಇಲ್ಲವಾದರೆ ರಕ್ತ ಕಡಿಮೆಯಿರುವವರ ಪಾಲಿಗೆ ಪಾತ್ರೆಯ ತಳದ ಸಾರೇ ಗತಿ.

8. ಮೂರು ತಿಂಗಳಿಗೆ ಮತ್ತೆ ನೋಟ್‌ಬುಕ್

ಮೊದಲಿನಂತೆಯೇ ಏಳು ದಿನ ಹತ್ತು ಗುಂಪಿನ ಗುರುತು ಹಾಕಿ. ಸೊಪ್ಪಿನ ಸಾಲಿನಲ್ಲಿ ವಾರಕ್ಕೆ ಐದು ದಿನವಾದರೂ ಗುರುತು ಬೀಳಬೇಕು. ಮಡಿ ತುಂಬಿದೆ, ಸಾಲು ಖಾಲಿ ಎಂದಾದರೆ ಯಾಕೆಂದು ನೋಡಿ. ಬಿಡಿಸಿ ತೊಳೆಯಲು ಬಿಡುವಿಲ್ಲವೇ? ಆ ಕೆಲಸ ಮನೆಯ ಬೇರೆಯವರಿಗೆ ಹೋಗಲಿ, ಅಥವಾ ಬಿಡಿಸುವ ರಗಳೆ ಕಡಿಮೆಯಿರುವ ಬಸಳೆಗೆ ಒಂದು ಮಡಿ ಕೊಡಿ. ಮಕ್ಕಳು ತಿನ್ನುತ್ತಿಲ್ಲವೇ? ಮೆಂತ್ಯ, ನುಗ್ಗೆಯನ್ನು ಸಣ್ಣಗೆ ಹೆಚ್ಚಿ ರೊಟ್ಟಿ, ಅಕ್ಕಿರೊಟ್ಟಿ, ದೋಸೆ ಹಿಟ್ಟಿಗೆ ಕಲಸಿ. ನಿಮ್ಮ ಮನೆಯಲ್ಲಿ ಯಾರಿಗೂ ಸೇರದ ಬೆಳೆ ಪೊಟ್ಟಣದಲ್ಲಿ ಬಂದಿದ್ದರೆ ಮುಂದಿನ ಸಲ ಅದನ್ನು ಬಿತ್ತಬೇಡಿ.

ಮುಂದಿನ ಪೊಟ್ಟಣಕ್ಕೆ ಕಾಯುವ ಬದಲು ಹರಿವೆ, ಅವರೆ, ಅಲಸಂದೆ, ಬೆಂಡೆಯಲ್ಲಿ ಒಳ್ಳೆಯ ಎರಡು ಮೂರು ಗಿಡವನ್ನು ಬೀಜಕ್ಕೆಂದು ಬಿಡಿ. ಹೈಬ್ರಿಡ್ ತಳಿಯ ಬೀಜ ಇಟ್ಟರೆ ಅದೇ ಗುಣ ಬಾರದು, ಅದನ್ನು ಹೊಸದಾಗಿಯೇ ಕೊಳ್ಳಬೇಕು. ಒಣಗಿದ ಬೀಜವನ್ನು ಬೂದಿ ಬೆರೆಸಿ ಗಾಜಿನ ಶೀಶೆಯಲ್ಲಿ ತುಂಬಿ, ಮುಚ್ಚಳ ಬಿಗಿದು, ಹೆಸರು ಮತ್ತು ತಿಂಗಳು ಬರೆದಿಡಿ.